ಚಪ್ಪಲಿ ಹೊರಗೆ ಬಿಡಿಸುತ್ತೀರಿ, ಪಾದವನ್ನೂ ನೋಡಿ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆ ಬಗ್ಗೆ ಪತ್ರಿಕೆಗಳಲ್ಲಿ ಏನು ಬಂದರೂ ನಾನು ಓದುತ್ತೇನೆ. ಅನ್ನ ಕಮ್ಮಿ ಮಾಡಿ, ಮೆಂತ್ಯ ನೆನೆಸಿ ಕುಡಿಯಿರಿ, ದಿನಾ ನಡೆಯಿರಿ. ಸರಿ, ನಡೆಯೋಣ. ಆದರೆ ನಡೆಯುವ ಪಾದದ ಬಗ್ಗೆ ಯಾರೂ ಜಾಸ್ತಿ ಬರೆಯುವುದಿಲ್ಲ, ಅದಕ್ಕೇ ಈ ಕಾಗದ.

ನಮ್ಮ ಯಜಮಾನರಿಗೆ ಸಕ್ಕರೆ ಬಂದು 14 ವರ್ಷ. ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಸಂತೆಯಿಂದ ಬಂದರು. ಎಡಗಾಲಲ್ಲಿ ಚಪ್ಪಲಿ ಇದೆ, ಬಲಗಾಲಲ್ಲಿ ಇಲ್ಲ. ಎಲ್ಲಿ ಅಂತ ಕೇಳಿದರೆ ಕೆಳಗೆ ನೋಡಿಕೊಂಡು ಅವರೇ ಗಾಬರಿಯಾದರು. ಎಲ್ಲಿ ಜಾರಿ ಬಿತ್ತೋ ಗೊತ್ತಿಲ್ಲ, ಆ ಬಿಸಿಲಲ್ಲಿ ಕಾದ ಡಾಂಬರು ರಸ್ತೆ ಮೇಲೆ ಒಂದು ಬರಿಗಾಲಲ್ಲಿ ನಡೆದು ಬಂದಿದ್ದಾರೆ! ಅಂಗಾಲಲ್ಲಿ ನಾಣ್ಯದಷ್ಟು ಅಗಲದ ಬೊಬ್ಬೆ. "ನೋವೇನಿಲ್ಲ ಬಿಡೇ" ಅಂದರು. ನೋವಿಲ್ಲದ್ದೇ ಕಾಯಿಲೆ ಅಂತ ನಮಗಾಗ ಗೊತ್ತಿರಲಿಲ್ಲ. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು.

ಅದಕ್ಕೂ ಮೊದಲು ಎರಡು ವರ್ಷ ಪಾದ ಉರಿ ಅನ್ನುತ್ತಿದ್ದರು. ರಾತ್ರಿ ಹೊದಿಕೆಯಿಂದ ಕಾಲು ಆಚೆ ಹಾಕಿ ಮಲಗುತ್ತಿದ್ದರು. ಇರುವೆ ಹರಿದ ಹಾಗೆ, ಹತ್ತಿ ಮೇಲೆ ಕಾಲಿಟ್ಟ ಹಾಗೆ ಅನ್ನುತ್ತಿದ್ದರು. ಉಷ್ಣ ಇರಬೇಕು ಅಂತ ದಿನಾ ಹರಳೆಣ್ಣೆ ತಿಕ್ಕಿದೆ. ಬರಬರುತ್ತಾ ಉರಿ ತಾನಾಗೇ ಕಮ್ಮಿಯಾಯಿತು, ಎಣ್ಣೆ ನಾಟಿತು ಅಂತ ಖುಷಿಪಟ್ಟೆ. ನಾಟಿದ್ದು ಎಣ್ಣೆಯಲ್ಲ, ನರವೇ ಸತ್ತುಹೋಗುತ್ತಿತ್ತು.

ಈ "ನರ" ಅನ್ನೋ ಮಾತೇ ನಮ್ಮಲ್ಲಿ ಗೋಜಲು. ಡ್ರಿಪ್ ಹಾಕಲು ಬಂದವರು "ನರ ಸಿಗ್ತಿಲ್ಲ" ಅಂತಾರೆ, ಅದು ರಕ್ತನಾಳ. ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ನರದೌರ್ಬಲ್ಯಕ್ಕೆ ಸಂಪರ್ಕಿಸಿ ಅಂತ ಇರುತ್ತದಲ್ಲ, ಅದು ಇನ್ನೇನೋ, ಬಿಡಿ. ಇಲ್ಲಿ ಕೆಡುವುದು ನೋವು, ಬಿಸಿಯ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರ. ಸೊಂಟದ ಹತ್ತಿರದಿಂದ ಕಾಲ್ಬೆರಳ ತುದಿವರೆಗೆ ಹತ್ತಿರಹತ್ತಿರ ಒಂದು ಮೀಟರ್ ಉದ್ದ. ಅಷ್ಟು ಉದ್ದ ಇರುವುದರಿಂದಲೇ ಮೊದಲ ಪೆಟ್ಟು ಅದರ ತುದಿಗೆ, ಆಮೇಲೆ ಕಾಲುಚೀಲ ಏರಿಸಿದ ಹಾಗೆ ಎರಡೂ ಕಾಲಲ್ಲಿ ಮೇಲಕ್ಕೆ ಹತ್ತುತ್ತದೆ. ರಕ್ತದಲ್ಲಿ ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ನರವೂ ಕೆಡುತ್ತದೆ, ನರಕ್ಕೆ ರಕ್ತ ಕೊಡುವ ಸಣ್ಣ ಸಣ್ಣ ನಾಳಗಳೂ ಕೆಡುತ್ತವೆ. ನಾವೋ, ರಕ್ತ ಓಡಲಿ ಅಂತ ಬಿಸಿನೀರಲ್ಲಿ ಕಾಲು ಇಡಿಸುತ್ತೇವೆ. ಬಿಸಿ ಗೊತ್ತಾಗದ ಕಾಲು ಅದು!

ಈ 14 ವರ್ಷದಲ್ಲಿ ಸುತ್ತಿದ ಕ್ಲಿನಿಕ್ಕುಗಳಿಗೆ ಲೆಕ್ಕವಿಲ್ಲ. ಎಲ್ಲ ಕಡೆ ಬಾಗಿಲಲ್ಲಿ "ಪಾದರಕ್ಷೆ ಹೊರಗೆ ಬಿಡಿ" ಬೋರ್ಡು. ಇವರು ಪ್ರತಿ ಸಲ ಬರಿಗಾಲಲ್ಲೇ ಡಾಕ್ಟರ ಮುಂದೆ ಕೂತಿದ್ದಾರೆ, ಒಬ್ಬರೂ ಬಗ್ಗಿ ಆ ಪಾದ ನೋಡಲಿಲ್ಲ. ಬೊಬ್ಬೆ ಎದ್ದ ಮೇಲೆ ಸಿಕ್ಕ ಡಾಕ್ಟರು ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿದರು, 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆಯಂತೆ. ಮುಟ್ಟಿದಾಗ ಹೂಂ ಅನ್ನಿ ಅಂದರು. ಎಳೆ ಬಾಗುತ್ತಿದೆ, ಇವರು ಸುಮ್ಮನೆ ಕೂತಿದ್ದಾರೆ. ಪಕ್ಕದಲ್ಲಿ ನಿಂತ ನನಗೆ, ನಾನಾದರೂ ಹೂಂ ಅಂದುಬಿಡಲಾ ಅನ್ನಿಸಿತು. ಎಲ್ಲ ಸೇರಿ ಐದು ನಿಮಿಷ ಆಗಿರಬಹುದು.

ಆಮೇಲೆ ರಕ್ತದಲ್ಲಿ ಬಿ12 ವಿಟಮಿನ್ ಎಷ್ಟಿದೆ ಅಂತ ನೋಡಿದರು, ತೀರಾ ಕಮ್ಮಿ ಇತ್ತು. ನರಕ್ಕೆ ಬೇಕಾದ ವಿಟಮಿನ್ ಅದು. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ತೆಗೆದುಕೊಂಡರೆ ಬಿ12 ಇಳಿಯಬಹುದು, ಅದರ ಮೇಲೆ ನಾವು ಮಾಂಸ ಮೊಟ್ಟೆ ಮುಟ್ಟದವರು. ಇದು ಸರಿಪಡಿಸಬಹುದಾದ ಕಾರಣ, ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬಿ12 ಟೆಸ್ಟ್ ಮಾಡಿಸಿ ಅಂತ ಕೇಳಿ. ಅಂಗಡಿಯಲ್ಲಿ ಸಿಗುವ "ನರದ ಮಾತ್ರೆ"ಯನ್ನೂ ವರ್ಷಗಟ್ಟಲೆ ನುಂಗಬೇಡಿ, ಬಿ6 ವಿಟಮಿನ್ ಅತಿಯಾದರೆ ಅದೇ ನರ ಕೆಡಿಸುತ್ತದೆ. ಉರಿಗೆ ಡಾಕ್ಟರು ಅಮಿಟ್ರಿಪ್ಟಿಲಿನ್ ಬರೆದರೆ ಮೆಡಿಕಲ್ ಶಾಪಿನವರು "ಇದು ಡಿಪ್ರೆಶನ್ ಮಾತ್ರೆ ಅಲ್ವಾ" ಅಂತ ಹೆದರಿಸಬಹುದು. ಹೌದು, ಅದೇ ಮಾತ್ರೆ, ಕಮ್ಮಿ ಡೋಸಿನಲ್ಲಿ ನರದ ನೋವಿಗೂ ಕೊಡುತ್ತಾರೆ. ಪ್ರೀಗಾಬಾಲಿನ್, ಡುಲಾಕ್ಸೆಟಿನ್ ಕೂಡ ಇವೆ. ಇವೆಲ್ಲ ಉರಿ ತಗ್ಗಿಸುತ್ತವೆ ಅಷ್ಟೇ, ಹೋದ ಸ್ಪರ್ಶ ತಂದುಕೊಡುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ಸಕ್ಕರೆಯನ್ನು ಹದ್ದುಬಸ್ತಿನಲ್ಲಿ ಇಡಲೇಬೇಕು.

ಆ ಡಾಕ್ಟರು ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ ಬರೆದುಕೊಟ್ಟಾಗ ಇವರು ಸಿಡುಕಿದರು, ಅದು ಕುಷ್ಠದವರು ಹಾಕೋದು ಅಂತ. ನಿಜ, ಅವರಿಗೂ ಅದನ್ನೇ ಕೊಡುತ್ತಾರೆ. ಕುಷ್ಠವೂ ನರದ ಕಾಯಿಲೆಯೇ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ ಅನ್ನೋ ಡಾಕ್ಟರು, ಆ ರೋಗಿಗಳ ಕೈಕಾಲು ತಾನಾಗಿ ಕೊಳೆಯುವುದಿಲ್ಲ, ನೋವು ಗೊತ್ತಾಗದೆ ಗಾಯದ ಮೇಲೆ ಗಾಯ ಮಾಡಿಕೊಳ್ಳುತ್ತಾರೆ ಅಂತ ತೋರಿಸಿಕೊಟ್ಟರು. ಸಕ್ಕರೆ ಪಾದದ ಕಥೆಯೂ ಅದೇ. ಅಂದಹಾಗೆ, ಮೈಮೇಲೆ ಸ್ಪರ್ಶವಿಲ್ಲದ ತಿಳಿ ಮಚ್ಚೆ ಕಂಡರೆ ನಾಚಿಕೆ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋಗಿ, ಔಷಧಿ ಉಚಿತ.

ಈಗ ದಿನಾ ರಾತ್ರಿ ಸೀರಿಯಲ್ ಮುಗಿದ ಮೇಲೆ ಅವರ ಅಂಗಾಲು ನೋಡುವುದು ನನ್ನ ಕೆಲಸ. ಬೆರಳ ಸಂದಿ ಒರೆಸುತ್ತೇನೆ, ಚಪ್ಪಲಿ ಕೊಡವುತ್ತೇನೆ. ಮೊನ್ನೆ ಶೂ ಕೊಡವಿದರೆ ಒಂದು ಅಡಿಕೆ ಹೋಳು ಬಿತ್ತು, ಬೆಳಗಿನಿಂದ ಅದನ್ನೇ ತುಳಿದುಕೊಂಡು ಓಡಾಡಿದ್ದಾರೆ.

ಬಿಪಿ, ಶುಗರ್ ನೋಡಲು ಆರೋಗ್ಯ ಇಲಾಖೆಯವರು ಹಳ್ಳಿಗಳಿಗೆ ಬರುತ್ತಾರೆ. ಅವರ ಬ್ಯಾಗಿನಲ್ಲಿ ಆ ನೈಲಾನ್ ಎಳೆಯೂ ಒಂದು ಇರಲಿ. ಡಾಕ್ಟರುಗಳಿಗೂ ಒಂದು ಮಾತು, ವರ್ಷಕ್ಕೆ ಒಂದು ಸಲವಾದರೂ ಪಾದ ನೋಡಿ ಚೀಟಿಯಲ್ಲಿ ಬರೆಯಿರಿ. ಚಪ್ಪಲಿಯಂತೂ ನಾವು ಹೇಗೂ ಹೊರಗೇ ಬಿಟ್ಟು ಬಂದಿರುತ್ತೇವೆ.

ಇಂತಿ,
ಒಬ್ಬ ಗೃಹಿಣಿ, ಅರಸೀಕೆರೆ