ಕ್ರೈಸ್ತ ನೀತಿಯ ವಿಮರ್ಶೆ ನೀತ್ಷೆಗೇ ನಿಲ್ಲಬೇಕೆ?

ಮಾನ್ಯ ಸಂಪಾದಕರೇ,

ಕ್ರೈಸ್ತ ನೀತಿಯ ತಾತ್ವಿಕ ವಿಮರ್ಶೆ ಕುರಿತು ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಲೇಖನವು ಜರ್ಮನ್ ತತ್ವಜ್ಞಾನಿ ನೀತ್ಷೆಯಿಂದ ಆರಂಭವಾಗಿ ನೀತ್ಷೆಯಲ್ಲೇ ಮುಗಿದಿರುವುದರಿಂದ ಈ ಪತ್ರ ಬರೆಯಬೇಕಾಯಿತು. ದೀನತೆ, ಸಹನೆ, ಅನುಕಂಪಗಳಿಗೆ ಸದ್ಗುಣಗಳ ಪಟ್ಟ ದೊರೆತದ್ದು ಸೇಡು ತೀರಿಸಿಕೊಳ್ಳುವ ಶಕ್ತಿಯಿಲ್ಲದವರ ಒಳಗುದಿಯಿಂದ ಎಂದು ಆತ 1887ರ ‘ನೀತಿಯ ವಂಶಾವಳಿ’ಯಲ್ಲಿ ವಾದಿಸಿದ್ದು ನಿಜ. ಆದರೆ ಒಂದು ಮೌಲ್ಯ ಎಲ್ಲಿ ಹುಟ್ಟಿತೆಂಬುದರಿಂದ ಅದರ ಬೆಲೆ ತೀರ್ಮಾನವಾಗುವುದಿಲ್ಲ. ಇದನ್ನು ನೀತ್ಷೆಯೇ ಅದೇ ವರ್ಷ ತನ್ನ ಇನ್ನೊಂದು ಕೃತಿಗೆ ಸೇರಿಸಿದ ಭಾಗದಲ್ಲಿ ಒಪ್ಪಿಕೊಂಡಿದ್ದಾನೆ; ಅವನನ್ನು ಉತ್ಸಾಹದಿಂದ ಉದ್ಧರಿಸುವವರು ಆ ಪುಟದವರೆಗೆ ಹೋಗುವುದು ಕಡಿಮೆ. ಮುಂದೆ 1912ರಲ್ಲಿ ಜರ್ಮನ್ ತತ್ವಜ್ಞಾನಿ ಮಾಕ್ಸ್ ಷೇಲರ್, ಕ್ರೈಸ್ತ ಪ್ರೀತಿಯು ಕೊರತೆಯಿಂದ ಹುಟ್ಟಿದ್ದಲ್ಲ, ತುಂಬಿದವನು ಕೆಳಗಿನವನತ್ತ ಬಾಗುವ ಕ್ರಿಯೆ ಎಂದು ಉತ್ತರ ಕೊಟ್ಟ. ಈ ಜಗಳ ಅಲ್ಲಿಗೆ ಸಮನಾಗಿ ನಿಂತಿದೆ ಎಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಕಠಿಣವಾದ ಆಕ್ಷೇಪ ಬೇರೊಂದಿದೆ. ಒಬ್ಬನ ಅಪರಾಧದ ಹೊಣೆಯನ್ನು ಇನ್ನೊಬ್ಬ ಹೊರಬಹುದೆ ಎಂಬ ಪ್ರಶ್ನೆ ಅದು. ಸುಮಾರು 1098ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್, ಪಾಪವು ದೇವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದಿರುವುದೆಂದೂ, ಮನುಷ್ಯನು ತೀರಿಸಲಾಗದ ಆ ಋಣವನ್ನು ದೇವರೂ ಮನುಷ್ಯನೂ ಆದ ಕ್ರಿಸ್ತನು ಮಾತ್ರ ತೀರಿಸಬಲ್ಲನೆಂದೂ ತರ್ಕಬದ್ಧವಾಗಿ ನಿರೂಪಿಸಲು ಯತ್ನಿಸಿದ. ಹದಿನಾರನೇ ಶತಮಾನದ ಪ್ರಾಟೆಸ್ಟಂಟ್ ಸುಧಾರಕರ ಕೈಯಲ್ಲಿ ಇದು ಇನ್ನಷ್ಟು ಬಿಗಿಯಾಗಿ, ನಮಗೆ ಸಲ್ಲಬೇಕಾದ ಶಿಕ್ಷೆಯನ್ನೇ ಕ್ರಿಸ್ತನು ಅನುಭವಿಸಿದನೆಂಬ ಸಿದ್ಧಾಂತವಾಯಿತು. ಅದೇ ಶತಮಾನ ಮುಗಿಯುವುದರೊಳಗೆ, ಬೈಬಲನ್ನು ನಂಬುತ್ತಿದ್ದ ಇಟಲಿಯ ಧರ್ಮಚಿಂತಕ ಫೌಸ್ಟೊ ಸೊಚೀನಿಯೇ ಇದನ್ನು ವಿರೋಧಿಸಿದ. 1793ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಆ ವಿರೋಧಕ್ಕೆ ಅತ್ಯಂತ ಸ್ಪಷ್ಟವಾದ ರೂಪ ಕೊಟ್ಟ: ಹಣದ ಸಾಲವನ್ನು ಯಾರು ಬೇಕಾದರೂ ತೀರಿಸಬಹುದು, ಸಾಲ ಕೊಟ್ಟವನಿಗೆ ಅದರಿಂದ ವ್ಯತ್ಯಾಸವಿಲ್ಲ, ಪಾಪದ ಹೊಣೆಯಾದರೋ ಎಲ್ಲಕ್ಕಿಂತ ಹೆಚ್ಚು ವೈಯಕ್ತಿಕವಾದದ್ದು, ನಿರಪರಾಧಿಯೊಬ್ಬ ಎಷ್ಟೇ ಉದಾರಿಯಾಗಿದ್ದರೂ ಅದನ್ನು ತನ್ನ ಮೇಲೆ ಹಾಕಿಕೊಳ್ಳಲು ಬಾರದು. ಮಗನು ತಂದೆಯ ಅಪರಾಧವನ್ನು ಹೊರತಕ್ಕದ್ದಲ್ಲ, ಪಾಪ ಮಾಡಿದವನೇ ಸಾಯುವನು ಎಂದು ಬೈಬಲಿನಲ್ಲಿರುವ ಯೆಹೆಜ್ಕೇಲನ ಗ್ರಂಥದ ಹದಿನೆಂಟನೇ ಅಧ್ಯಾಯವೂ ಹೇಳುತ್ತದೆ. ಹಾಗಾಗಿ ಇದನ್ನು ಹೊರಗಿನವರ ಕುಚೋದ್ಯವೆಂದು ತಳ್ಳಿಹಾಕುವಂತಿಲ್ಲ.

ಎಲ್ಲ ಕ್ರೈಸ್ತರೂ ಈ ಸಿದ್ಧಾಂತವನ್ನು ಒಪ್ಪುವುದಿಲ್ಲವೆಂಬ ಉತ್ತರ ಬರುವುದು ಸಹಜ ಮತ್ತು ನ್ಯಾಯವಾದದ್ದು. ಹನ್ನೆರಡನೇ ಶತಮಾನದಲ್ಲೇ ಫ್ರಾನ್ಸಿನ ಧರ್ಮಚಿಂತಕ ಪೀಟರ್ ಅಬೆಲಾರ್ಡ್, ಶಿಲುಬೆಯು ಮನುಷ್ಯನ ಹೃದಯವನ್ನು ತಿರುಗಿಸುವ ಪ್ರೀತಿಯ ಪ್ರಕಟಣೆ ಎಂಬ ನೆಲೆಯಿಂದ ಅದನ್ನು ವಿವರಿಸಿದ. ಹಾಗೆಯೇ, ಮೊದಲ ಮನುಷ್ಯ ಆದಾಮನ ಅಪರಾಧದ ಹೊಣೆಯೇ ಪ್ರತಿಯೊಂದು ಶಿಶುವಿಗೂ ಬರುತ್ತದೆಂಬ, ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನನ ಮಾತನ್ನು ಪೂರ್ವದ ಆರ್ಥೊಡಾಕ್ಸ್ ಪರಂಪರೆ ಸಾಮಾನ್ಯವಾಗಿ ಸ್ವೀಕರಿಸಿಲ್ಲ. ಈ ವಿವರಣೆಗಳು ನೈತಿಕವಾಗಿ ಮೇಲು ಎಂದೇ ನಾನು ಭಾವಿಸುತ್ತೇನೆ. ಆದರೂ ಇವುಗಳಿಂದ ಪರಿಹಾರವಾಗದ ತೊಡಕೊಂದು ಉಳಿಯುತ್ತದೆ: ಕ್ಷಮಿಸುವ ಅಧಿಕಾರ ಯಾರದು?

ಬೈಬಲಿನ ಎರಡನೇ ಸಮುವೇಲ ಗ್ರಂಥದ ಪ್ರಸಂಗವನ್ನು ನೋಡಬೇಕು. ಅರಸನಾದ ದಾವೀದನು ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡು ಕೂಡಿ, ಆಕೆ ಗರ್ಭಿಣಿಯಾದಾಗ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸುತ್ತಾನೆ. ಪ್ರವಾದಿ ನಾತಾನನ ಖಂಡನೆಯಿಂದ ಎಚ್ಚೆತ್ತು ಪಶ್ಚಾತ್ತಾಪ ಪಟ್ಟಾಗ, ಕರ್ತನು ನಿನ್ನ ಪಾಪವನ್ನು ಕ್ಷಮಿಸಿದ್ದಾನೆ, ನೀನು ಸಾಯುವುದಿಲ್ಲ ಎಂಬ ಮಾತು ದೊರೆಯುತ್ತದೆ. ಸಾಯುವುದು ಆ ಸಂಬಂಧದಿಂದ ಹುಟ್ಟಿದ ಕೂಸು. ಈ ಸಂದರ್ಭದ್ದೆಂದು ಸಂಪ್ರದಾಯ ಹೇಳುವ ಐವತ್ತೊಂದನೇ ಕೀರ್ತನೆಯಲ್ಲಿ ದಾವೀದನು ದೇವರಿಗೆ, ನಿನಗೆ ಮಾತ್ರವೇ ಪಾಪ ಮಾಡಿದ್ದೇನೆ ಎನ್ನುತ್ತಾನೆ. ಪಶ್ಚಾತ್ತಾಪದ ಪ್ರಾರ್ಥನೆಯಾಗಿ ಕ್ರೈಸ್ತರು ಶತಮಾನಗಳಿಂದ ಹೇಳುತ್ತ ಬಂದಿರುವ, ನಿಜಕ್ಕೂ ಮನಕಲಕುವ ಕೀರ್ತನೆ ಇದು. ಆದರೆ ಇದರಲ್ಲಿ ಊರೀಯನ ಹೆಸರೇ ಬರುವುದಿಲ್ಲ. ಆಡಿದ ಕ್ಷಮೆಯೆಲ್ಲ ಅರಸನ ಮತ್ತು ದೇವರ ನಡುವಿನದು. ಅನ್ಯಾಯವನ್ನೆಲ್ಲ ಮೂಲತಃ ದೇವರ ವಿರುದ್ಧದ ಅಪರಾಧವೆಂದು ಪರಿಗಣಿಸುವ ನೀತಿಯಲ್ಲಿ, ಅನ್ಯಾಯಕ್ಕೆ ಒಳಗಾದ ಮನುಷ್ಯ ತನ್ನದೇ ವ್ಯಾಜ್ಯದಲ್ಲಿ ಮೂರನೆಯವನಾಗಿಬಿಡುವ ಅಪಾಯ ಇದೇ.

ಯೇಸುವಿನ ಬದುಕು-ಬೋಧನೆಗಳನ್ನು ಹೇಳುವ ಸುವಾರ್ತೆಗಳಲ್ಲಿ ಇದಕ್ಕೆ ಎದುರಾದ ದನಿಯೂ ಇದೆಯೆಂಬುದನ್ನು ಮರೆಮಾಚಬಾರದು. ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಅವನೊಡನೆ ಒಂದಾಗು ಎನ್ನುತ್ತದೆ ಯೇಸುವಿನ ಪರ್ವತ ಪ್ರಸಂಗ. ಸುಂಕದವರ ಮುಖ್ಯಸ್ಥ ಜಕ್ಕಾಯನು ತಾನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ ಮೇಲೆಯೇ, ಈ ಮನೆಗೆ ಇಂದು ರಕ್ಷಣೆಯಾಯಿತು ಎಂಬ ಮಾತನ್ನು ಯೇಸುವಿನಿಂದ ಕೇಳುತ್ತಾನೆ. ಕ್ರೈಸ್ತ ನೀತಿಯನ್ನು ಸಮರ್ಥಿಸುವವರಿಗೆ ನೀತ್ಷೆಯನ್ನು ಖಂಡಿಸುವುದಕ್ಕಿಂತ ಈ ಎರಡು ಭಾಗಗಳು ಹೆಚ್ಚು ಬಲ ಕೊಡುತ್ತವೆ. ಆದರೆ ಜಕ್ಕಾಯನಿಗೆ ಹಣ ಹಿಂದಿರುಗಿಸಲು ಜನ ಬದುಕಿದ್ದರು. ಲೇಖಕರು ಈ ವಿಷಯವನ್ನು ಮುಂದುವರಿಸುವುದಾದರೆ, ಸತ್ತ ಊರೀಯನ ಪರವಾಗಿ ಕ್ಷಮಿಸುವ ಹಕ್ಕು ದೇವರಿಗಾದರೂ ಹೇಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ