ಆ ಪುಸ್ತಕ ಬೀರು ಮೇಲಿಂದ ಇಳಿಸು

ಪ್ರೀತಿಯ ಮಗಳೇ,

ನಿನ್ನೆ ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ನಿದ್ದೆ ಬರಲಿಲ್ಲ. "ಅಮ್ಮಾ, ಪುಟ್ಟಿ ಪುಸ್ತಕದ ಮುಚ್ಚಳ ಎಲ್ಲಾ ಕಿತ್ತು ಹಾಕ್ತಾಳೆ. ಅದಕ್ಕೇ ಪುಸ್ತಕ ಬೀರು ಮೇಲೆ ಇಟ್ಟುಬಿಟ್ಟೆ" ಅಂದೆ. ಆಫೀಸಿನಿಂದ ಸುಸ್ತಾಗಿ ಬಂದವಳ ಹತ್ತಿರ ವಾದ ಮಾಡಲು ಮನಸ್ಸಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಪುಣೆಯಲ್ಲಿದ್ದಾಗ ರಾತ್ರಿ ಪುಟ್ಟಿಯನ್ನು ಮಲಗಿಸುವ ಕೆಲಸ ನನ್ನದಾಗಿತ್ತಲ್ವಾ? ದಿನಾ ಅದೇ ನಾಯಿಮರಿ ಸ್ಪಾಟ್ ಪುಸ್ತಕ, ಚಿತ್ರದ ಮೇಲಿನ ಕಾಗದದ ಮುಚ್ಚಳ ಎತ್ತಿದರೆ ಒಳಗೆ ಇನ್ನೊಂದು ಚಿತ್ರ ಕಾಣುವಂಥದ್ದು. ಮರಿ ಊಟ ಮಾಡಿಲ್ಲ ಅಂತ ಅದರ ಅಮ್ಮ ಮನೆಯೆಲ್ಲಾ ಹುಡುಕುತ್ತಾಳೆ. ಬಾಗಿಲ ಹಿಂದೆ ಕರಡಿ, ಮಂಚದ ಕೆಳಗೆ ಮೊಸಳೆ. ಒಂದೇ ವಾರಕ್ಕೆ ಪುಟ್ಟಿಗೆ ಎಲ್ಲಾ ಬಾಯಿಪಾಠ. ಆದರೂ ಮುಚ್ಚಳದ ಅಂಚಿಗೆ ಬೆರಳಿಟ್ಟು ನನ್ನ ಮುಖ ನೋಡುತ್ತಿದ್ದಳು. "ಒಳಗೆ ಯಾರಪ್ಪಾ ಇರೋದು? ಅಜ್ಜಿಗೆ ಗೊತ್ತಿಲ್ವಲ್ಲಾ" ಅಂದರೆ ಮಾತ್ರ ಎತ್ತುವುದು. ತನಗೆ ಗೊತ್ತಿದ್ದು ಅಜ್ಜಿಗೆ ಗೊತ್ತಿಲ್ಲ ಅನ್ನುವಾಗ ಆ ಮುಖ ಅರಳುವುದನ್ನು ನೀನು ನೋಡಬೇಕಿತ್ತು.

ಒಂದು ರಾತ್ರಿ ಸ್ಪಾಟ್ ಅಡಗಿರುವ ಕೊನೆಯ ಬುಟ್ಟಿಯ ಮುಚ್ಚಳ ಎತ್ತಿದೆ. ಒಳಗೆ ಒಂದೇ ಒಂದು ಕಾಳು ಮಂಡಕ್ಕಿ. ಸಂಜೆ ತಿನ್ನುವಾಗ ತಂದು ಇಟ್ಟಿದ್ದಾಳೆ. "ಅವ್ನು ಉಂಡಿಲ್ಲ ಅಜ್ಜಿ" ಅಂದಳು. ಎರಡೂವರೆ ವರ್ಷದ ಮಗು! ಆ ಮಂಡಕ್ಕಿ ತೆಗೆಯಲು ನನಗೆ ಕೈ ಬರಲಿಲ್ಲ. ಈಗಲೂ ಅಲ್ಲೇ ಇದ್ದೀತು, ನೋಡು.

ಈ ಪುಸ್ತಕ ಹುಟ್ಟಿದ್ದೂ ಇಂಥ ಒಂದು ಪುಟ್ಟ ಕೈಯಿಂದಲೇ. ಬರೆದವರು ಇಂಗ್ಲೆಂಡಿನ ಎರಿಕ್ ಹಿಲ್. ಜಾಹೀರಾತಿಗೆ ಚಿತ್ರ ಬರೆಯುವ ಕೆಲಸದಲ್ಲಿದ್ದವರು. ಹಾಗೆ ಮಾಡಿದ ಒಂದು ಹಾಳೆಯ ಮುಚ್ಚಳವನ್ನು ಅವರ ಪುಟ್ಟ ಮಗ ಎತ್ತಿ ಎತ್ತಿ ಖುಷಿಪಟ್ಟನಂತೆ. ಅದನ್ನು ನೋಡಿಯೇ ಅವನಿಗಾಗಿ ಈ ಕಥೆ ಮಾಡಿದ್ದು. ಪುಸ್ತಕವಾಗಿ ಬಂದದ್ದು 1980ರಲ್ಲಿ. ಎತ್ತಲಿ, ಎಳೆಯಲಿ ಅಂತಲೇ ಮಾಡಿದ ಪುಸ್ತಕ ಅದು. ಬೀರು ಮೇಲೆ ಇಟ್ಟರೆ ಏನು ಬಂತು?

"ಒಂದೇ ಪುಟದಲ್ಲಿ ಕೂತುಬಿಡ್ತಾಳೆ, ಕಥೆ ಮುಂದಕ್ಕೇ ಹೋಗಲ್ಲ" ಅಂತಲೂ ಹೇಳಿದೆ. ಹೋಗದಿದ್ದರೆ ಬೇಡ ಬಿಡು. 1988ರಲ್ಲಿ ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಇದೇ ವಯಸ್ಸಿನ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ಒಂದು ಪರೀಕ್ಷೆ ಮಾಡಿದ್ದರು. ಸುಮ್ನೆ ಓದಿ ಹೇಳುವ ಬದಲು ಮಗುವನ್ನೇ ಕೇಳಿ, ಅದು ಹೇಳಿದ್ದಕ್ಕೆ ಒಂದು ಮಾತು ಸೇರಿಸಿ ಹೇಳಿ ಅಂತ ಅಪ್ಪ ಅಮ್ಮಂದಿರಿಗೆ ಕಲಿಸಿದರು. ಆ ಮಕ್ಕಳ ಮಾತು, ಮಾಮೂಲಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮುಂದೆ ಹೋಗಿತ್ತು. ಅವಳು "ಮೊಸಳೆ" ಅಂದರೆ ನೀನು "ಹೌದು, ದೊಡ್ಡ ಹಸಿರು ಮೊಸಳೆ. ಮಂಚದ ಕೆಳಗೆ ಏನ್ ಮಾಡ್ತಿದೆ?" ಅನ್ನು. ಆಮೇಲೆ ಸ್ವಲ್ಪ ಕಾಯಿ. ಮಕ್ಕಳಿಗೆ ಉತ್ತರ ಹುಡುಕಲು ನಮಗಿಂತ ಜಾಸ್ತಿ ಹೊತ್ತು ಬೇಕು. ಪುಸ್ತಕ ಇಂಗ್ಲಿಷಿನದಾದರೂ ಮಾತು ಕನ್ನಡದಲ್ಲೇ ಇರಲಿ. ಹಗಲೆಲ್ಲಾ ಡೇಕೇರಿನಲ್ಲಿ ಮರಾಠಿ, ಹಿಂದಿ ಕೇಳುವ ಮಗು. ಅವಳಿಗೆ ಕನ್ನಡ ಸಿಗುವುದು ನಿನ್ನ ಮಗ್ಗುಲಲ್ಲೇ.

ಗುಂಡಿ ಒತ್ತಿದರೆ ಕೂಗುವ ಪುಸ್ತಕ ಮಾತ್ರ ಮಲಗುವ ಹೊತ್ತಿಗೆ ಬೇಡ. ಅದರಲ್ಲಿ ಹಸು "ಮೂ" ಅನ್ನುತ್ತದೆ. ನಮ್ಮ ಹಸು "ಅಂಬಾ" ಅನ್ನುವುದಲ್ವಾ? ಅದೂ ಅಲ್ಲದೆ, ಪುಸ್ತಕವೇ ಕೂಗಲು ಶುರು ಮಾಡಿದರೆ ಅಮ್ಮನ ಬಾಯಿಗೆ ಕೆಲಸವೇ ಇಲ್ಲ.

ಇನ್ನೊಂದು ವಿಷಯ ನಿನಗೆ ನೆನಪಿರಲಿಕ್ಕಿಲ್ಲ. ನೀನು ಪುಟ್ಟಿಯಷ್ಟಿದ್ದಾಗ ಸಾಗರದ ಅಂಗಡಿಗಳಲ್ಲಿ ಇಂಥ ಪುಸ್ತಕ ನಾನಂತೂ ಕಂಡಿರಲಿಲ್ಲ. ಹಳೇ ಮದುವೆ ಕಾಗದಗಳನ್ನು ಕತ್ತರಿಸಿ, ಮೈದಾ ಅಂಟು ಕಾಯಿಸಿ, ನಾನೇ ಒಂದು ಪುಸ್ತಕ ಮಾಡಿದ್ದೆ. ಕೆಂಪು ರಟ್ಟಿನ ಬಾಗಿಲು, ತೆರೆದರೆ ಕ್ಯಾಲೆಂಡರಿನಿಂದ ಕತ್ತರಿಸಿದ ಹಸು. ನೀನು ಬೆರಳಿನಿಂದ ಟಕ್ ಟಕ್ ಬಡಿದು "ಯಾಲು?" ಅನ್ನುತ್ತಿದ್ದೆ. ಒಂದು ರಾತ್ರಿ ಜೋರಾಗಿ ಎಳೆದೆ, ಬಾಗಿಲು ಕಿತ್ತು ಬಂತು. ಅಷ್ಟು ಕಷ್ಟಪಟ್ಟು ಮಾಡಿದ್ದಲ್ವಾ, ಸಿಟ್ಟು ಬಂದು ಗದರಿದೆ. ನೀನು ಅಳಲಿಲ್ಲ. ಕಿತ್ತ ಬಾಗಿಲನ್ನು ದಿಂಬಿನ ಕೆಳಗೆ ಬಚ್ಚಿಟ್ಟೆ. ಮಾರನೇ ದಿನ ಪುಸ್ತಕ ಹಿಡಿದುಕೊಂಡು ಕೂತರೆ ನೀನು ಹತ್ತಿರ ಬರಲೇ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹೊಸ ಕಥೆ ಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್ ಇದೆ. ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಫೋನಿನಲ್ಲಿ ತೋರಿಸಬೇಡ, ಪ್ರಿಂಟ್ ಹಾಕಿಸು. ಮುಚ್ಚಳಗಳನ್ನು ನೀನೇ ಅಂಟಿಸಬಹುದು.

ನಿನ್ನೆ ನಿದ್ದೆ ಬರದೆ ಎದ್ದು ಟ್ರಂಕ್ ತೆಗೆದೆ. ಆ ಮದುವೆ ಕಾಗದದ ಪುಸ್ತಕ ಸಿಕ್ಕಿತು. ಹಸುವಿನ ಬಾಗಿಲೂ ಒಳಗೇ ಇದೆ, ಮೂಲೆ ಸ್ವಲ್ಪ ಮಡಚಿದೆ. ನಾನು ಅಂಟಿಸಲಿಲ್ಲ. ಎರಡನ್ನೂ ಉಪ್ಪಿನಕಾಯಿಯ ಜೊತೆ ಕಳಿಸುತ್ತಿದ್ದೇನೆ, ಎಣ್ಣೆ ತಾಗದ ಹಾಗೆ ಬೇರೆ ಕಟ್ಟಿದ್ದೇನೆ. ಭಾನುವಾರ ಚೂರು ಮೈದಾ ಕಾಯಿಸು. ಅಂಟು ತಣ್ಣಗಾದ ಮೇಲೆ ಪುಟ್ಟಿಯ ಬೆರಳಿಗೆ ಕೊಡು, ಅವಳೇ ಹಚ್ಚಲಿ.

ನಿನ್ನ
ಅಮ್ಮ