ಲಿಟಲ್ ರಾಕ್ ಪ್ರವಾಸ: ಹೊರಡುವ ಮುಂಚೆ ಪೋಷಕರಿಗೆ ಒಂದು ಪತ್ರ

ಎಲ್ಲ ಪೋಷಕರಿಗೆ ನಮಸ್ಕಾರ.

ಬರುವ ಶನಿವಾರ ದೊಡ್ಡ ಮಕ್ಕಳಿಗೆ ಕನ್ನಡ ತರಗತಿ ಇರುವುದಿಲ್ಲ. ಅವರನ್ನು ನಮ್ಮ ಅರ್ಕನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲ್ ನೋಡಲು ಕರೆದುಕೊಂಡು ಹೋಗುತ್ತಿದ್ದೇವೆ. "ಒಂದು ಸ್ಕೂಲ್ ನೋಡೋಕೆ ಬೆಂಟನ್‌ವಿಲ್‌ನಿಂದ ಅಷ್ಟು ದೂರ ಹೋಗ್ಬೇಕಾ ಮೇಡಂ? ಕನ್ನಡ ಕ್ಲಾಸಿಗೂ ಅದಕ್ಕೂ ಏನು ಸಂಬಂಧ?" ಎಂದು ಕೆಲವರು ಕೇಳಿದಿರಿ. ಸರಿಯಾದ ಪ್ರಶ್ನೆಯೇ. ಅಲ್ಲಿ ಏನಿದೆ ಎಂದು ಮೊದಲು ಹೇಳುತ್ತೇನೆ.

ಕಟ್ಟಡ ಅರಮನೆ ಹಾಗಿದೆ. ಮಕ್ಕಳು ಕಾರಿಂದ ಇಳಿದ ಕೂಡಲೇ ಫೋನ್ ತೆಗೆಯುತ್ತಾರೆ, ಅನುಮಾನವೇ ಬೇಡ. 1927ರಲ್ಲಿ ಸುಮಾರು 15 ಲಕ್ಷ ಡಾಲರ್ ಸುರಿದು ಕಟ್ಟಿದ್ದು. ಆಗ ಅಮೆರಿಕದ ಅತಿ ಸುಂದರ ಹೈಸ್ಕೂಲ್ ಎಂದು ಹೊಗಳಿಸಿಕೊಂಡಿತ್ತು. ಮುಖ್ಯ ಬಾಗಿಲ ಮೇಲೆ ನಾಲ್ಕು ಪ್ರತಿಮೆಗಳಿವೆ. ಅವುಗಳ ಹೆಸರು ಮಹತ್ವಾಕಾಂಕ್ಷೆ, ವ್ಯಕ್ತಿತ್ವ, ಅವಕಾಶ, ಸಿದ್ಧತೆ. ಎರಡು ವರ್ಷದ ನಂತರ ಇದೇ ಊರಿನ ಕಪ್ಪು ಮಕ್ಕಳಿಗೆ ಡನ್‌ಬಾರ್ ಹೈಸ್ಕೂಲ್ ಕಟ್ಟಿದರು. ಖರ್ಚು ಸುಮಾರು 4 ಲಕ್ಷ ಡಾಲರ್. 'ಅವಕಾಶ' ಎಂಬ ಹೆಸರಿನ ಪ್ರತಿಮೆಯ ಕೆಳಗೆ 30 ವರ್ಷ ಒಬ್ಬ ಕಪ್ಪು ವಿದ್ಯಾರ್ಥಿಯೂ ಓದಲು ಹೋಗಲಿಲ್ಲ. ಮಕ್ಕಳಿಗೆ ಮೊದಲು ಆ ಪ್ರತಿಮೆಯನ್ನೇ ತೋರಿಸುತ್ತೇವೆ.

ಬಣ್ಣ ನೋಡಿ ಶಾಲೆ ಬೇರೆ ಮಾಡುವುದು ತಪ್ಪು ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. 1957ರಲ್ಲಿ ಒಂಬತ್ತು ಕಪ್ಪು ಮಕ್ಕಳು ಸೆಂಟ್ರಲ್‌ಗೆ ಸೇರಲು ಹೊರಟರು. ಅವರನ್ನು ತಡೆಯಲು ಗವರ್ನರ್ ಆರ್ವಲ್ ಫೌಬಸ್ ರಾಜ್ಯದ ಸೈನ್ಯವಾದ ನ್ಯಾಷನಲ್ ಗಾರ್ಡ್ ಪಡೆಯನ್ನು ಶಾಲೆಯ ಸುತ್ತ ನಿಲ್ಲಿಸಿದರು. ಇಷ್ಟು ಕತೆ ಮಕ್ಕಳು ಇಲ್ಲಿನ ಶಾಲೆಯಲ್ಲೇ ಓದಿರುತ್ತಾರೆ. ನಾವು ಹೋಗುವುದು ಅದನ್ನು ಕಾಲಿನಿಂದ ಅಳೆಯಲು.

ಸೆಪ್ಟೆಂಬರ್ 4ರ ಬೆಳಗ್ಗೆ ಎಲಿಜಬೆತ್ ಎಕ್‌ಫರ್ಡ್ ಒಬ್ಬಳೇ ಬಂದಳು. ವಯಸ್ಸು 15. ಮಕ್ಕಳೆಲ್ಲ ಒಟ್ಟಿಗೆ ಹೋಗಲಿ ಎಂದು ಹೋರಾಟದ ಮುಂದಾಳು ಡೇಸಿ ಬೇಟ್ಸ್ ಹಿಂದಿನ ರಾತ್ರಿ ಏರ್ಪಾಡು ಮಾಡಿದ್ದರು. ಆದರೆ ಎಲಿಜಬೆತ್ ಮನೆಯಲ್ಲಿ ಫೋನ್ ಇರಲಿಲ್ಲ. ಸುದ್ದಿ ಮುಟ್ಟಲಿಲ್ಲ. ತಾನೇ ಹೊಲಿದುಕೊಂಡ ಹೊಸ ಬಟ್ಟೆ ಹಾಕಿಕೊಂಡು, ಪುಸ್ತಕ ಎದೆಗವಚಿಕೊಂಡು ಬಂದ ಹುಡುಗಿಗೆ ಸೈನಿಕರು ಬಂದೂಕು ಅಡ್ಡ ಹಿಡಿದರು. ಬಿಳಿಯ ಮಕ್ಕಳಿಗೆ ಮಾತ್ರ ದಾರಿ ಬಿಟ್ಟರು. ಅವಳು ತಿರುಗಿ, ಶಾಲೆಯ ಮುಂದಿನ ಪಾರ್ಕ್ ಸ್ಟ್ರೀಟ್ ಉದ್ದಕ್ಕೂ ನಡೆದು, ಆ ತುದಿಯ ಬಸ್ ಸ್ಟಾಪಿಗೆ ಹೋದಳು. ಹಿಂದೆಯೇ ಕೂಗಾಡುವ ಗುಂಪು. ಎರಡೇ ಬ್ಲಾಕ್. ಸುಮ್ನೆ ನಡೆದರೆ ಕೆಲವು ನಿಮಿಷದ ದಾರಿ. ಅದನ್ನು ಮಕ್ಕಳು ಈ ತುದಿಯಿಂದ ಆ ತುದಿಗೆ ಮಾತಾಡದೆ ನಡೆಯಬೇಕು. ಪೋಷಕರೂ ಅಷ್ಟೇ, ದಯವಿಟ್ಟು.

ಆ ತುದಿಯಲ್ಲಿ ಒಂದು ಬೆಂಚ್ ಇದೆ. ಎಲಿಜಬೆತ್ ಅಂದು ಕೂತಿದ್ದ ಬೆಂಚಿನ ಮಾದರಿ. 2018ರ ಸೆಪ್ಟೆಂಬರ್ 4ರಂದು ಅಲ್ಲಿ ಅದನ್ನು ಉದ್ಘಾಟಿಸಿದರು. ಮಾಡಿದವರಲ್ಲಿ ಇದೇ ಶಾಲೆಯ ವಿದ್ಯಾರ್ಥಿಗಳೂ ಇದ್ದರು. ನನ್ನ ಮಟ್ಟಿಗೆ ಅಲ್ಲಿರುವ ಎಲ್ಲ ಸ್ಮಾರಕಗಳಲ್ಲಿ ಇದೇ ದೊಡ್ಡದು. ರಾಜ್ಯದ ಕ್ಯಾಪಿಟಲ್ (ಶಾಸನಸಭೆಯ ಕಟ್ಟಡ) ಆವರಣದಲ್ಲಿ ಒಂಬತ್ತೂ ಮಕ್ಕಳ ಕಂಚಿನ ಪ್ರತಿಮೆಗಳಿವೆ, 2005ರಲ್ಲಿ ನಿಲ್ಲಿಸಿದ್ದು. ಸಮಯ ಇದ್ದರೆ ಅದನ್ನೂ ನೋಡೋಣ. ಇಲ್ಲದಿದ್ದರೂ ಪರವಾಗಿಲ್ಲ. ಬೆಂಚ್ ಮಾತ್ರ ತಪ್ಪಿಸುವಂತಿಲ್ಲ.

ಇನ್ನೊಂದು ಮೂಲೆಯಲ್ಲಿ ಹಳೆಯ ಪೆಟ್ರೋಲ್ ಬಂಕ್ ಇದೆ. ಅದನ್ನು 1957ರಲ್ಲಿ ಹೇಗಿತ್ತೋ ಹಾಗೇ ಉಳಿಸಿದ್ದಾರೆ. ಪೆಟ್ರೋಲ್ ಬಂಕ್ ಯಾಕೆ ಅಂತೀರಾ? ಅಲ್ಲಿ ಒಂದು ಪೇ ಫೋನ್ ಇತ್ತು. ಪತ್ರಕರ್ತರು ಸುದ್ದಿ ಕಳಿಸುತ್ತಿದ್ದುದು ಅದರಿಂದಲೇ.

ನ್ಯಾಷನಲ್ ಗಾರ್ಡ್ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ 23ರಂದು ಮಕ್ಕಳು ಪಕ್ಕದ ಬಾಗಿಲಿಂದ ಒಳಗೆ ಹೋದರು. ಹೊರಗೆ ಗಲಾಟೆ ಜಾಸ್ತಿಯಾಗಿ, ಮಧ್ಯಾಹ್ನದೊಳಗೆ ಅವರನ್ನು ಮನೆಗೆ ಕಳಿಸಬೇಕಾಯಿತು. ಅಧ್ಯಕ್ಷ ಐಸೆನ್‌ಹೋವರ್ ಕೇಂದ್ರ ಸೇನೆಯ 101ನೇ ಏರ್‌ಬೋರ್ನ್ ಡಿವಿಷನ್‌ನ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳಿಸಿದರು. 25ರಂದು ಅವರ ಕಾವಲಿನಲ್ಲಿ ಒಂಬತ್ತೂ ಮಕ್ಕಳು ಮುಂದಿನ ಮೆಟ್ಟಿಲು ಹತ್ತಿದರು. ಪುಸ್ತಕಗಳಲ್ಲಿ ಕತೆ ಹೆಚ್ಚಾಗಿ ಇಲ್ಲಿಗೇ ಮುಗಿದುಬಿಡುತ್ತದೆ. ಆದರೆ ಒಳಗೆ ವರ್ಷವಿಡೀ ತಳ್ಳಾಟ, ಬೈಗುಳ. ಮಿನ್ನಿಜೀನ್ ಬ್ರೌನ್ ಎಂಬ ಹುಡುಗಿ ತಿರುಗಿ ಮಾತಾಡಿದ್ದಕ್ಕೆ 1958ರ ಫೆಬ್ರವರಿಯಲ್ಲಿ ಅವಳನ್ನೇ ಶಾಲೆಯಿಂದ ತೆಗೆದುಹಾಕಿದರು.

ಶಾಲೆಯ ಹಿಂದಿನ ಕ್ವಿಗ್ಲೀ ಸ್ಟೇಡಿಯಂ ಕೂಡ ನೋಡಬೇಕು. 1958ರ ಮೇ ತಿಂಗಳಲ್ಲಿ ಅರ್ನೆಸ್ಟ್ ಗ್ರೀನ್ ಅಲ್ಲಿ ಪದವಿ ಪತ್ರ ತೆಗೆದುಕೊಂಡ. ಈ ಶಾಲೆಯಿಂದ ಹಾಗೆ ಪಾಸಾಗಿ ಹೊರಬಂದ ಮೊದಲ ಕಪ್ಪು ವಿದ್ಯಾರ್ಥಿ ಅವನು. ಮಾರ್ಟಿನ್ ಲೂಥರ್ ಕಿಂಗ್ ಅಂದು ಅವನ ಮನೆಯವರ ಜೊತೆ ಕೂತಿದ್ದರು. ಕಪ್ಪು, ಬಿಳಿ ಮಕ್ಕಳು ಒಟ್ಟಿಗೆ ಓದುವುದು ಬೇಡ ಎಂದು ಮುಂದಿನ ಶಾಲಾ ವರ್ಷ ಊರಿನ ಹೈಸ್ಕೂಲುಗಳನ್ನೆಲ್ಲ ಮುಚ್ಚಿಯೇಬಿಟ್ಟರು. ಬಿಳಿಯರದು, ಕರಿಯರದು ಎಲ್ಲವೂ. 3,600ಕ್ಕೂ ಹೆಚ್ಚು ಮಕ್ಕಳಿಗೆ ಶಾಲೆ ಇಲ್ಲ. ಫುಟ್‌ಬಾಲ್ ಪಂದ್ಯ ಮಾತ್ರ ನಿಲ್ಲಲಿಲ್ಲ! ಪಾಠ ಇಲ್ಲದ ಶಾಲೆಗೆ ಆಟದ ತಂಡ ಇತ್ತು.

ಇನ್ನು ನಮಗೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ. 1965ಕ್ಕೆ ಮುಂಚೆ ಭಾರತದಿಂದ ಇಲ್ಲಿಗೆ ಬಂದು ನೆಲೆಸಲು ಇದ್ದ ಕೋಟಾ ವರ್ಷಕ್ಕೆ 100 ಜನ, ಅಷ್ಟೇ. ಆ ವರ್ಷ ವಲಸೆ ಕಾನೂನು ಬದಲಾಯಿತು. ಒಂದು ಜನಾಂಗಕ್ಕೆ ಒಂದು ನ್ಯಾಯ ಎಂಬುದರ ವಿರುದ್ಧ ಕಪ್ಪು ಜನ ನಡೆಸಿದ ಹೋರಾಟ ದೇಶವನ್ನೇ ಅಲ್ಲಾಡಿಸುತ್ತಿದ್ದ ಕಾಲ ಅದು. ನಾವು ಎಚ್1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡ್ ಎಂದು ಮಾತಾಡುತ್ತೇವೆ. ಅದರ ಹಿಂದೆ ಇಂಥ ಮಕ್ಕಳೂ ಇದ್ದಾರೆ ಅಲ್ವಾ?

"ಇಂಡಿಯಾದಲ್ಲೂ ಹೀಗಿತ್ತಾ?" ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇರಲಿಲ್ಲ ಎಂದು ಹೇಳಬೇಡಿ. ಜಾತಿಯ ಹೆಸರಲ್ಲಿ ನಮ್ಮಲ್ಲೂ ಮಕ್ಕಳನ್ನು ಶಾಲೆಯ ಹೊರಗೆ ನಿಲ್ಲಿಸಿದ್ದರು. ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರಿಗೆ ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ತಾವು ಓದಿಸಿದ ಮಕ್ಕಳು ಕಾರಿನಲ್ಲಿ ಓಡಾಡುವಾಗ ಆ ಧೂಳು ತಮ್ಮ ತಲೆಗೆ ತಾಗಬೇಕು ಎಂದು ರಾಯರು ಆಸೆಪಟ್ಟಿದ್ದರು. ಅವರ ಸಮಾಧಿಯ ಮೇಲೆ ಆ ಮಾತನ್ನು ಕೆತ್ತಿದ್ದಾರೆ. ಊರಿಗೆ ಹೋದಾಗ ಅದನ್ನೂ ತೋರಿಸಿ.

ಈಗ ವ್ಯವಹಾರದ ಮಾತು. ಸೆಂಟ್ರಲ್ ಇಂದಿಗೂ ನಡೆಯುವ ಶಾಲೆ. 1998ರಿಂದ ರಾಷ್ಟ್ರೀಯ ಐತಿಹಾಸಿಕ ತಾಣವೂ ಹೌದು. ಕಟ್ಟಡದ ಒಳಗೆ ಹೋಗಲು ಪಾರ್ಕ್ ರೇಂಜರ್ ಜೊತೆಗಿರಬೇಕು, ಮೊದಲೇ ಬುಕ್ ಮಾಡಿರಬೇಕು. ನಾವು ಶನಿವಾರ ಹೋಗುವುದರಿಂದ ಹೊರಗಿನಿಂದಲೇ ನೋಡುತ್ತೇವೆ. ಎದುರಿನ ವಿಸಿಟರ್ ಸೆಂಟರ್‌ಗೆ ಟಿಕೆಟ್ ಇಲ್ಲ. ನೆರಳು ಕಡಿಮೆ. ಟೋಪಿ, ನೀರು ಇರಲಿ. ಊಟಕ್ಕೆ ಚಿತ್ರಾನ್ನ, ಮೊಸರನ್ನ ಸಾಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ.

ಬಂದ ಮೇಲೆ ಮಕ್ಕಳು ಅಲ್ಲಿ ನೋಡಿದ ಒಂದು ವಸ್ತುವಿನ ಬಗ್ಗೆ ಹತ್ತು ವಾಕ್ಯ ಕನ್ನಡದಲ್ಲಿ ಬರೆಯಬೇಕು. ಒತ್ತಕ್ಷರ ತಪ್ಪಾದರೂ ಅಡ್ಡಿಯಿಲ್ಲ. ನೀವು ಬರೆದುಕೊಡಬೇಡಿ, ಅಮ್ಮಂದಿರ ಕೈಬರಹ ನನಗೆ ಚೆನ್ನಾಗಿ ಗೊತ್ತು.

ಇಂತಿ,
ಮುಖ್ಯ ಶಿಕ್ಷಕಿ